ಇದ್ದೂ ಸಿಗದ ಸರಕು

ಬೆಳೆದುದನ್ನು ಕೂಡಿಡುವ ಕಲೆ ಬೆಳೆಯುವ ಕಲೆಯಷ್ಟೇ ಹಳೆಯದು. ಒಂದು ಸುಗ್ಗಿಯ ಧಾನ್ಯವನ್ನು ಮುಂದಿನ ಸುಗ್ಗಿಯವರೆಗೆ ಕಾಪಾಡಬೇಕಾದ ಮನುಷ್ಯನು ಕಣಜ ಕಟ್ಟಿದನು. ಉತ್ತರ ಕರ್ನಾಟಕದ ರೈತನು ನೆಲವನ್ನೇ ಅಗೆದು ಹಗೇವು ತೋಡಿದನು. ಅರಮನೆಗೂ ದೇವಾಲಯಕ್ಕೂ ಉಗ್ರಾಣವಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಸಂಗ್ರಹದ ಅರ್ಧಭಾಗವನ್ನು ಜನರ ಆಪತ್ಕಾಲಕ್ಕೆಂದು ತೆಗೆದಿರಿಸಬೇಕು, ಉಳಿದರ್ಧವನ್ನು ಬಳಸಬೇಕು, ಹಳೆಯ ಸರಕನ್ನು ಹೊಸ ಸರಕಿನಿಂದ ಬದಲಿಸುತ್ತಿರಬೇಕು ಎಂಬುದು ಅಲ್ಲಿನ ವಿಧಿ. ಕೇಳುವುದಕ್ಕೆ ಇದು ಸರಳವಾದ ಮಾತು. ಆದರೆ ಹಳೆಯದು ಯಾವುದು, ಅದು ಯಾವ ಮೂಲೆಯಲ್ಲಿದೆ ಎಂಬುದು ತಿಳಿಯದ ಅಧಿಕಾರಿಯು ಈ ವಿಧಿಯನ್ನು ಪಾಲಿಸುವುದಾದರೂ ಹೇಗೆ?

ಹಿಂದಿನ ಉಗ್ರಾಣಗಳಲ್ಲಿ ಈ ತಿಳಿವಳಿಕೆ ಉಗ್ರಾಣಿಯ ತಲೆಯಲ್ಲಿ ಇರುತ್ತಿತ್ತು. ಬೆಲ್ಲದ ಪಿಂಡಿಗಳು ಬಲಗಡೆಯ ಗೋಡೆಯ ಬಳಿ, ಹೋದ ವರ್ಷದ ಅಕ್ಕಿ ಬಾಗಿಲಿಗೆ ಹತ್ತಿರ, ಈ ವರ್ಷದ್ದು ಒಳಗೆ ಎಂದು ಅವನು ಕತ್ತಲೆಯಲ್ಲಿಯೂ ಕೈಯಿಟ್ಟು ತೋರಿಸಬಲ್ಲವನಾಗಿದ್ದನು. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ನಡುಮನೆಯಲ್ಲಿ ಕುಳಿತೇ ಯಾವ ಡಬ್ಬಿಯ ಹಿಂದೆ ಯಾವ ಡಬ್ಬಿಯಿದೆಯೆಂದು ಹೇಳುವುದುಂಟಷ್ಟೆ! ಇಂಥ ಸ್ಮರಣಶಕ್ತಿಗೆ ಒಂದು ಮಿತಿಯಿದೆ. ಅದು ಒಬ್ಬನ ಆಸ್ತಿ. ಅವನು ಒಂದು ದಿನ ಬಾರದಿದ್ದರೆ ಉಗ್ರಾಣಕ್ಕೆ ಕಣ್ಣು ಹೋದಂತಾಗುತ್ತದೆ. ಉಗ್ರಾಣವು ಬೆಳೆದಂತೆಲ್ಲ ಸ್ಮರಣೆಯು ಸೋಲುತ್ತದೆ.

ಇಂದಿನ ದೊಡ್ಡ ಉಗ್ರಾಣಗಳಾದರೋ ಹಲವು ಆಟದ ಬಯಲುಗಳನ್ನು ಒಂದೇ ಸೂರಿನ ಕೆಳಗೆ ತಂದಂತಿರುತ್ತವೆ. ಮೂರಾಳು ನಾಲ್ಕಾಳು ಎತ್ತರದ ಉಕ್ಕಿನ ಅಟ್ಟಣೆಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಓಣಿಗಳಂಥ ದಾರಿಗಳು. ಒಂದೊಂದು ಅಂಕಣದಲ್ಲಿಯೂ ಪ್ಯಾಲೆಟ್ ಎಂಬ ಮರದ ಅಡಿಹಲಗೆಯ ಮೇಲೆ ಕಟ್ಟಿದ ಸರಕಿನ ರಾಶಿ. ಅವನ್ನು ಎತ್ತಿ ಇಳಿಸಲು ಮುಂದೆ ಎರಡು ಕಬ್ಬಿಣದ ತೋಳುಗಳುಳ್ಳ ಫೋರ್ಕ್‌ಲಿಫ್ಟ್ ಎಂಬ ಬಂಡಿಗಳು ಓಡಾಡುತ್ತವೆ. ಬೇಡಿಕೆಯ ಚೀಟಿ ಬಂದೊಡನೆ ಕೆಲಸಗಾರನು ಬೇಕಾದ ಸರಕನ್ನು ಹುಡುಕಿ ಹೊರತರಬೇಕು. ಉಗ್ರಾಣ ನಿರ್ವಹಣೆಯ ಪಠ್ಯಗ್ರಂಥಗಳು ಹೇಳುವಂತೆ, ಸಾಮಾನ್ಯ ಉಗ್ರಾಣವೊಂದರ ನಿರ್ವಹಣಾ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಈ ಆಯ್ದು ತೆಗೆಯುವ ಕೆಲಸಕ್ಕೆ ತಗಲುತ್ತದೆ. ಆಯ್ದು ತೆಗೆಯುವವನ ಸಮಯದಲ್ಲಿ ಸುಮಾರು ಅರ್ಧಭಾಗ ನಡೆದಾಟದಲ್ಲಿಯೇ ಕಳೆಯುತ್ತದೆ. ಕೈ ಮಾಡುವ ಕೆಲಸಕ್ಕಿಂತ ಕಾಲು ಮಾಡುವ ಕೆಲಸವೇ ಹೆಚ್ಚೆಂದಾಯಿತು.

ನಡೆದು ಹೋದ ಮೇಲೆ ಸರಕು ಅಲ್ಲಿ ಇದ್ದರೆ ಸರಿ. ಅವಸರದಲ್ಲಿ ಯಾರೋ ಒಬ್ಬರು ಹದಿನಾಲ್ಕನೆಯ ಅಂಕಣದಲ್ಲಿ ಇಡಬೇಕಾದುದನ್ನು ನಲವತ್ತನೆಯದರಲ್ಲಿ ಇಟ್ಟಿದ್ದರೆ? ಲೆಕ್ಕದ ಪುಸ್ತಕದಲ್ಲಿ ಸರಕು ಇದೆ. ನೆಲದ ಮೇಲೆ ಇಲ್ಲ. ಇದು ಕಳವಲ್ಲ, ನಷ್ಟವೂ ಅಲ್ಲ. ಇದ್ದೂ ಸಿಗದ ಸ್ಥಿತಿ. ಕೊಳ್ಳಬಂದವನಿಗೆ ಸರಕು ಮುಗಿದಿದೆಯೆಂಬ ಉತ್ತರ ದೊರೆಯುತ್ತದೆ, ಹೊಸದಾಗಿ ಇನ್ನಷ್ಟು ತರಿಸಲಾಗುತ್ತದೆ, ಹಳೆಯದು ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಆ ಸರಕು ಮೊಳೆಯೋ ಬಣ್ಣವೋ ಆದರೆ ಹಣ ಮಾತ್ರ ವ್ಯರ್ಥ. ಔಷಧವಾದರೆ, ಅದರ ಅವಧಿ ತೀರಿಹೋದ ಮೇಲೆ ಅದು ಸಿಕ್ಕಿಯೂ ಪ್ರಯೋಜನವಿಲ್ಲ.

ಈ ಸ್ಥಿತಿಯು ಎಷ್ಟು ದೊಡ್ಡ ಪ್ರಮಾಣದಲ್ಲಿ ಉಂಟಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧವಾದ ನಿದರ್ಶನವಿದೆ. 1990ರ ಆಗಸ್ಟ್ ತಿಂಗಳಿನಲ್ಲಿ ಇರಾಕ್ ದೇಶವು ಕುವೈತನ್ನು ಆಕ್ರಮಿಸಿತು. ಅದನ್ನು ಬಿಡಿಸುವುದಕ್ಕಾಗಿ ಅಮೆರಿಕೆಯೂ ಅದರ ಮಿತ್ರರಾಷ್ಟ್ರಗಳೂ ಸೌದಿ ಅರೇಬಿಯದ ಮರಳುಗಾಡಿನಲ್ಲಿ ಸೇನೆಯನ್ನು ಕೂಡಿಸಿದವು. ಸೈನಿಕರ ಹಿಂದೆಯೇ ಅವರಿಗೆ ಬೇಕಾದ ಆಹಾರ, ಔಷಧ, ಬಟ್ಟೆ, ಬಿಡಿಭಾಗಗಳನ್ನು ತುಂಬಿದ ಉಕ್ಕಿನ ಕಂಟೇನರುಗಳು ಹಡಗುಗಳಲ್ಲಿ ಬಂದವು. ಅವುಗಳ ಸಂಖ್ಯೆ ಸುಮಾರು 40,000. ಬಂದರುಗಳಲ್ಲಿ ಅವು ಬೆಟ್ಟಗಳಂತೆ ಪೇರಿಸಲ್ಪಟ್ಟವು. ಹೊರಗಿನಿಂದ ನೋಡಿದರೆ ಒಂದು ಪೆಟ್ಟಿಗೆ ಇನ್ನೊಂದರ ಹಾಗೆಯೇ ಇತ್ತು. ಯಾವುದರಲ್ಲಿ ಏನಿದೆ, ಅದು ಯಾವ ತುಕಡಿಗೆ ಸೇರಬೇಕಾದದ್ದು ಎಂಬುದನ್ನು ತಿಳಿಯಲು ಅರ್ಧಕ್ಕಿಂತಲೂ ಹೆಚ್ಚು ಕಂಟೇನರುಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಯಿತು. ಈ ಗೊಂದಲದಿಂದ ಇನ್ನೊಂದು ಕೇಡು ಹುಟ್ಟಿತು. ಕೇಳಿದ ವಸ್ತು ಬಂದಿದೆಯೋ ಇಲ್ಲವೋ ಎಂಬ ನಂಬಿಕೆ ತಪ್ಪಿದ ತುಕಡಿಗಳು ಅದೇ ವಸ್ತುವಿಗಾಗಿ ಮತ್ತೆ ಮತ್ತೆ ಬೇಡಿಕೆ ಕಳುಹಿಸಿದವು. ಬೆಟ್ಟವು ಇನ್ನಷ್ಟು ಬೆಳೆಯಿತು. ಜಗತ್ತಿನಲ್ಲಿಯೇ ಅತ್ಯಂತ ಬಲಿಷ್ಠವೆನಿಸಿದ ಸೇನೆಗೆ ಕೊರತೆಯಾಗಿದ್ದುದು ಸಾಮಗ್ರಿಯಲ್ಲ, ಸಾಮಗ್ರಿಯ ಇರವಿನ ಅರಿವು. ಆ ಅನುಭವದ ಬಳಿಕ ಅಮೆರಿಕೆಯ ಸೇನೆಯು ಕಂಟೇನರುಗಳಿಗೆ ತಾವೇ ರೇಡಿಯೋ ಸಂಕೇತವನ್ನು ಬೀರುವ ಗುರುತುಪಟ್ಟಿಗಳನ್ನು ಜೋಡಿಸತೊಡಗಿತು.

ವಸ್ತುವೊಂದಕ್ಕೆ ಯಂತ್ರವು ಓದಬಲ್ಲ ಗುರುತನ್ನು ಕೊಡುವ ಯತ್ನವು ಇದಕ್ಕೂ ಹಿಂದಿನದು. ಅಮೆರಿಕೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬಾತನು ಮಯಾಮಿಯ ಕಡಲ ದಂಡೆಯಲ್ಲಿ ಕುಳಿತು, ಬಾಲ್ಯದಲ್ಲಿ ಕಲಿತ ಮೋರ್ಸ್ ಸಂಕೇತದ ಚುಕ್ಕಿಗೆರೆಗಳನ್ನು ನೆನೆಯುತ್ತ ಮರಳಿನಲ್ಲಿ ಬೆರಳುಗಳನ್ನು ಎಳೆದಾಗ ಪಟ್ಟೆಗೆರೆಗಳ ಕಲ್ಪನೆ ಹುಟ್ಟಿತಂತೆ. ಅವನಿಗೂ ಅವನ ಗೆಳೆಯ ಬರ್ನಾರ್ಡ್ ಸಿಲ್ವರನಿಗೂ 1952ರಲ್ಲಿ ಅದರ ಹಕ್ಕುಪತ್ರ ದೊರೆಯಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಗೆರೆಗಳನ್ನು ಯಂತ್ರವು ಓದಿತು. ಬಾರ್‌ಕೋಡ್ ಎಂಬ ಈ ಗೆರೆಗಳ ಗುರುತು ಇಂದು ಬಿಸ್ಕತ್ತಿನ ಪೊಟ್ಟಣದಿಂದ ಪುಸ್ತಕದ ರಕ್ಷಾಪುಟದವರೆಗೆ ಎಲ್ಲೆಲ್ಲಿಯೂ ಇದೆ. ಇದರ ಉಪಕಾರ ದೊಡ್ಡದು; ಆದರೆ ಇದನ್ನು ಓದುವುದಕ್ಕೆ ಬೆಳಕು ಬೇಕು, ಗೆರೆಗಳು ಯಂತ್ರದ ಕಣ್ಣಿಗೆ ಬೀಳಬೇಕು. ರಾಶಿಯ ನಡುವೆ ಅಡಗಿರುವ ಪೆಟ್ಟಿಗೆಯನ್ನು ಹೊರಗೆಳೆದು ತಿರುಗಿಸಿ ತೋರಿಸಿದ ಹೊರತು ಅದು ಮಾತನಾಡದು.

ರೇಡಿಯೋ ಅಲೆಗಳಿಗೆ ಈ ತೊಡಕು ಇಲ್ಲ. ಅವು ರಟ್ಟನ್ನೂ ಮರವನ್ನೂ ಬಟ್ಟೆಯನ್ನೂ ದಾಟಿ ಹೋಗಬಲ್ಲವು. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬ ವಿಜ್ಞಾನಿಯು, ಪ್ರತಿಫಲಿಸಿದ ರೇಡಿಯೋ ಶಕ್ತಿಯಿಂದಲೇ ಸಂದೇಶ ಕಳುಹಿಸಬಹುದೆಂದು ಒಂದು ಲೇಖನದಲ್ಲಿ ವಿವರಿಸಿದನು. ಬಾಲಕನೊಬ್ಬನು ಕನ್ನಡಿಯ ಚೂರನ್ನು ಬಿಸಿಲಿಗೆ ಹಿಡಿದು ಎದುರು ಗೋಡೆಯ ಮೇಲೆ ಬೆಳಕನ್ನು ಕುಣಿಸುವುದನ್ನು ಎಲ್ಲರೂ ಕಂಡಿದ್ದಾರೆ. ಕನ್ನಡಿಯಲ್ಲಿ ದೀಪವಿಲ್ಲ, ಬೆಳಕು ಸೂರ್ಯನದು, ಕುಣಿತ ಮಾತ್ರ ಕನ್ನಡಿಯದು. ಆರ್‌ಎಫ್‌ಐಡಿ ಎಂದು ಕರೆಯಲ್ಪಡುವ ಗುರುತುಪಟ್ಟಿಯ ಮರ್ಮವೂ ಹೀಗೆಯೇ. ಕಾಗದದಷ್ಟು ತೆಳ್ಳಗಿರುವ ಆ ಪಟ್ಟಿಯಲ್ಲಿ ಲೋಹದ ಗೆರೆಗಳ ಒಂದು ಗ್ರಾಹಕತಂತು ಮತ್ತು ಸಾಸಿವೆಗಿಂತ ಚಿಕ್ಕದಾದ ಒಂದು ಚಿಪ್ಪು ಇರುತ್ತವೆ, ವಿದ್ಯುತ್ಕೋಶವಿಲ್ಲ. ಓದುವ ಯಂತ್ರವು ಬೀರಿದ ಅಲೆಯಿಂದಲೇ ಚಿಪ್ಪು ಶಕ್ತಿ ಪಡೆದು ಎಚ್ಚರಗೊಂಡು, ಅದೇ ಅಲೆಯನ್ನು ತನ್ನ ಸಂಖ್ಯೆಗೆ ತಕ್ಕಂತೆ ಏರಿಳಿಸಿ ಹಿಂದಕ್ಕೆ ಕಳುಹಿಸುತ್ತದೆ. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್‌ಟ್ಯಾಗ್ ಈ ಜಾತಿಯದೇ. ಮುಂಬಯಿಯ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ 2016ರಿಂದ ಕಂಟೇನರುಗಳಿಗೆ ಇಂಥ ಪಟ್ಟಿಗಳನ್ನು ಹಚ್ಚಿ, ಅವು ಯಾವ ದ್ವಾರವನ್ನು ಯಾವಾಗ ದಾಟಿದವೆಂದು ಸರಕಿನ ಒಡೆಯರಿಗೆ ತಿಳಿಸುವ ವ್ಯವಸ್ಥೆ ನಡೆದುಬಂದಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದ್ವಾರದಲ್ಲಿ ನಿಂತ ಯಂತ್ರವು ‘ಇಂಥ ಪೆಟ್ಟಿಗೆ ಒಳಗೆ ಹೋಯಿತು’ ಎನ್ನಬಲ್ಲದು. ಒಳಗೆ ಹೋದದ್ದು ಎಲ್ಲಿ ಕುಳಿತಿದೆಯೆಂದು ಹೇಳಲಾರದು. ಗುರುತು ಬೇರೆ, ನೆಲೆ ಬೇರೆ. ನೆಲೆಯನ್ನು ಕಂಡುಹಿಡಿಯುವುದು ಹೆಚ್ಚು ಕಷ್ಟದ ಕೆಲಸ.

ಕೈಯೊಳಗಿನ ದೂರವಾಣಿಯು ಊರಿನ ಬೀದಿಯನ್ನು ತೋರಿಸುತ್ತದೆಯಲ್ಲ, ಅದೇ ಸಾಲದೇ ಎಂದು ಕೇಳಬಹುದು. ಆ ವ್ಯವಸ್ಥೆಯ ಉಪಗ್ರಹಗಳು ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವಷ್ಟರಲ್ಲಿ ಸಂಕೇತವು ಬಹಳ ಕ್ಷೀಣವಾಗಿರುತ್ತದೆ. ಉಗ್ರಾಣದ ತಗಡಿನ ಮಾಡನ್ನು ದಾಟುವ ಕಸುವು ಅದಕ್ಕಿರುವುದಿಲ್ಲ. ಬಯಲಿನಲ್ಲಿ ಐದಾರು ಮೀಟರು ಆಚೀಚೆಯಾದರೆ ಬಾಧಕವಿಲ್ಲ. ಉಗ್ರಾಣದಲ್ಲಿ ಐದು ಮೀಟರು ತಪ್ಪಿದರೆ ಇನ್ನೊಂದು ಓಣಿಗೇ ಹೋದಂತೆ. ಆದಕಾರಣ ಉಗ್ರಾಣದ ಒಳಗೆ ಅದರದೇ ಆದ ‘ನಕ್ಷತ್ರ’ಗಳನ್ನು ನೆಡಬೇಕಾಗುತ್ತದೆ. ಮಾಡಿನ ಕೆಳಗೆ, ಕಂಬಗಳ ಮೇಲೆ ನಿಶ್ಚಿತ ಸ್ಥಾನಗಳಲ್ಲಿ ಚಿಕ್ಕ ರೇಡಿಯೋ ನಿಲಯಗಳನ್ನು ಜೋಡಿಸುತ್ತಾರೆ. ಸರಕಿಗೋ ಬಂಡಿಗೋ ಕಟ್ಟಿದ ಪಟ್ಟಿಯು ಇವುಗಳೊಡನೆ ಸಂಭಾಷಿಸುತ್ತದೆ.

ಸಂಭಾಷಣೆಯಿಂದ ದೂರವನ್ನು ಅಳೆಯುವುದು ಹೇಗೆ? ಸಂಕೇತವು ಎಷ್ಟು ಬಲವಾಗಿ ಕೇಳಿಸುತ್ತದೆಂಬುದನ್ನು ನೋಡುವುದು ಒಂದು ಬಗೆ. ಜಾತ್ರೆಯ ವಾದ್ಯವು ಹತ್ತಿರವಾದಂತೆ ಜೋರಾಗಿ ಕೇಳಿಸುವುದಿಲ್ಲವೇ? ಅಗ್ಗದ ನೀಲಿಹಲ್ಲು ಪಟ್ಟಿಗಳಲ್ಲಿ, ಅಂದರೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರನ್ನು ಹೊತ್ತ ಬ್ಲೂಟೂತ್ ಪಟ್ಟಿಗಳಲ್ಲಿ, ಹೆಚ್ಚಾಗಿ ಈ ಬಗೆಯೇ ಬಳಕೆಯಲ್ಲಿದೆ. ಆದರೆ ಉಗ್ರಾಣವು ಖಾಲಿ ಬಯಲಲ್ಲ. ಉಕ್ಕಿನ ಅಟ್ಟಣೆಗಳಿಗೆ ತಾಗಿ ಅಲೆಯು ಅಲ್ಲಲ್ಲಿ ಪುಟಿದು ಬರುತ್ತದೆ. ಹತ್ತಿರದ್ದು ಮಂದವಾಗಿ, ದೂರದ್ದು ಸ್ಪಷ್ಟವಾಗಿ ಕೇಳಿಸುವುದೂ ಉಂಟು. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾಗಿದ್ದ ಪರಮ್‌ವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ ಎಂಬ ಭಾರತೀಯ ಮೂಲದ ಇಬ್ಬರು 2000ದಲ್ಲಿ ಪ್ರಕಟಿಸಿದ ಪ್ರಯೋಗವು ಈ ತೊಡಕಿನಿಂದಲೇ ಲಾಭ ಪಡೆಯುವ ದಾರಿಯನ್ನು ತೋರಿಸಿತು. ಕಟ್ಟಡದ ಒಂದೊಂದು ಸ್ಥಳದಲ್ಲಿಯೂ ನಿಂತು ಅಲ್ಲಿ ಬೇರೆ ಬೇರೆ ನಿಲಯಗಳ ಸಂಕೇತಗಳು ಎಷ್ಟೆಷ್ಟು ಬಲದಿಂದ ಕೇಳಿಸುತ್ತವೆಂದು ಮೊದಲೇ ಬರೆದಿಟ್ಟುಕೊಂಡರೆ, ಮುಂದೆ ಕೇಳಿಸಿದುದನ್ನು ಆ ಬರಹದೊಡನೆ ಹೋಲಿಸಿ ಸ್ಥಳವನ್ನು ಎರಡು ಮೂರು ಮೀಟರುಗಳ ಅಂತರದಲ್ಲಿ ಗುರುತಿಸಬಹುದು. ಹೆಬ್ಬೆಟ್ಟಿನ ಗುರುತಿನಿಂದ ಮನುಷ್ಯನನ್ನು ಪತ್ತೆ ಹಚ್ಚಿದ ಹಾಗೆ. ಪದ್ಮನಾಭನ್ ಅವರು ಮುಂದೆ ಬೆಂಗಳೂರಿನಲ್ಲಿರುವ ಅದೇ ಸಂಸ್ಥೆಯ ಸಂಶೋಧನಾಲಯಕ್ಕೆ ಬಂದರು.

ಸಂಕೇತವು ಬರಲು ಹಿಡಿದ ಕಾಲವನ್ನು ಅಳೆಯುವುದು ಇನ್ನೊಂದು ಬಗೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರಿನಂತೆ ಮಳೆಯ ದೂರವನ್ನು ಅಂದಾಜು ಮಾಡುವುದುಂಟು. ತತ್ತ್ವ ಅದೇ, ಆದರೆ ರೇಡಿಯೋ ಅಲೆಯು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಸೆಕೆಂಡು ಎಂದು ಹೆಸರು. ಅಷ್ಟರಲ್ಲಿ ಅಲೆಯು 30 ಸೆಂಟಿಮೀಟರು, ಎಂದರೆ ಹೆಚ್ಚುಕಡಿಮೆ ವಿದ್ಯಾರ್ಥಿಯ ಅಳತೆಪಟ್ಟಿಯ ಉದ್ದದಷ್ಟು, ಮುಂದೆ ಸಾಗಿರುತ್ತದೆ. ಬಹಳ ಅಗಲವಾದ ಆವರ್ತನ ಪಟ್ಟಿಯಲ್ಲಿ ಅತ್ಯಂತ ಕಿರಿದಾದ ಮಿಡಿತಗಳನ್ನು ಕಳುಹಿಸುವ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ವಿಧಾನವು ಇಂಥ ಸೂಕ್ಷ್ಮ ಕಾಲವನ್ನು ಅಳೆಯಬಲ್ಲದು. ಅನುಕೂಲವಾದ ಸನ್ನಿವೇಶದಲ್ಲಿ ಇದು ನೆಲೆಯನ್ನು 10ರಿಂದ 30 ಸೆಂಟಿಮೀಟರುಗಳ ಅಂತರದಲ್ಲಿ ತಿಳಿಸುತ್ತದೆ.

ದೂರ ತಿಳಿದ ಮೇಲೆ ಉಳಿಯುವುದು ರೇಖಾಗಣಿತ. ಒಂದು ನಿಲಯಕ್ಕೆ ಸಂಕೇತವು 40 ನ್ಯಾನೋಸೆಕೆಂಡುಗಳಲ್ಲಿ ತಲುಪಿತೆನ್ನೋಣ. ಪಟ್ಟಿಯು 12 ಮೀಟರು ದೂರದಲ್ಲಿದೆ. ಯಾವ ದಿಕ್ಕಿನಲ್ಲಿ? ಅದು ತಿಳಿಯದು, 12 ಮೀಟರು ತ್ರಿಜ್ಯದ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ಎರಡನೆಯ ನಿಲಯವು ಇನ್ನೊಂದು ವೃತ್ತವನ್ನು ಕೊಡುತ್ತದೆ. ಎರಡು ವೃತ್ತಗಳು ಎರಡು ಬಿಂದುಗಳಲ್ಲಿ ಛೇದಿಸುತ್ತವೆ. ಮೂರನೆಯ ವೃತ್ತವು ಆ ಎರಡರಲ್ಲಿ ಯಾವುದು ನಿಜವೆಂಬುದನ್ನು ತೀರ್ಮಾನಿಸುತ್ತದೆ. ಪಟ್ಟಿಯ ಎತ್ತರವೂ ತಿಳಿಯಬೇಕಾದರೆ ನಾಲ್ಕನೆಯ ನಿಲಯದ ಸಹಾಯ ಬೇಕಾಗುತ್ತದೆ. ಕೈವಾರ ಹಿಡಿದು ಕರಿಹಲಗೆಯ ಮೇಲೆ ಎಳೆಯುವ ವೃತ್ತಗಳು ಇಲ್ಲಿ ಗೋದಾಮಿನ ನೆಲದ ಮೇಲೆ ಹರಡಿಕೊಂಡಿವೆ ಎಂದು ತಿಳಿದರೆ ಸಾಕು.

ಹೀಗೆ ದೊರೆತ ಅರಿವನ್ನು ಜಾಣ್ಮೆಯಿಂದ ಬಳಸಿದಾಗಲೇ ಪ್ರಯೋಜನ ಹುಟ್ಟುತ್ತದೆ. ಉಗ್ರಾಣದಲ್ಲಿರುವ ಪ್ರತಿಯೊಂದು ಪೆಟ್ಟಿಗೆಗೂ ವಿದ್ಯುತ್ಕೋಶವುಳ್ಳ ದುಬಾರಿ ಪಟ್ಟಿಯನ್ನು ಕಟ್ಟುವುದು ಆಗದ ಮಾತು. ಅನೇಕ ಕಡೆ ಬೇರೊಂದು ಉಪಾಯವನ್ನು ಮಾಡಿದ್ದಾರೆ. ಸರಕು ತಾನಾಗಿ ನಡೆಯುವುದಿಲ್ಲ. ಅದನ್ನು ಬಂಡಿಯೇ ಒಯ್ಯಬೇಕು. ಆದ್ದರಿಂದ ಫೋರ್ಕ್‌ಲಿಫ್ಟಿನ ನೆಲೆಯನ್ನು ಮಾತ್ರ ಸದಾ ಅರಿತಿದ್ದರಾಯಿತು. ಬಂಡಿಯು ಪ್ಯಾಲೆಟ್ಟನ್ನು ಎತ್ತಿದಾಗ ಅದರ ಮೇಲಿನ ಅಗ್ಗದ ಗುರುತನ್ನು ಓದಿಕೊಳ್ಳುತ್ತದೆ. ಇಳಿಸಿದಾಗ ಬಂಡಿಯು ಎಲ್ಲಿತ್ತು, ತೋಳುಗಳು ಎಷ್ಟು ಎತ್ತರದಲ್ಲಿದ್ದವು ಎಂಬುದು ತಾನಾಗಿ ಲೆಕ್ಕಕ್ಕೆ ಸೇರುತ್ತದೆ. ಹದಿನಾಲ್ಕರ ಬದಲು ನಲವತ್ತನೆಯ ಅಂಕಣದಲ್ಲಿ ಇಳಿಸಿದರೆ ಆ ಕ್ಷಣವೇ ಚಾಲಕನ ಮುಂದಿರುವ ಪರದೆಯು ಎಚ್ಚರಿಸುತ್ತದೆ. ತಪ್ಪನ್ನು ಆರು ತಿಂಗಳ ಬಳಿಕ ದಾಸ್ತಾನು ಎಣಿಸುವಾಗ ಕಂಡುಹಿಡಿಯುವುದಕ್ಕೂ, ಕೈಯಿಂದ ಜಾರುವ ಮೊದಲೇ ತಿಳಿಯುವುದಕ್ಕೂ ಎಷ್ಟೊಂದು ಅಂತರ! ಬಂಡಿಗಳು ದಿನವಿಡೀ ಓಡಾಡಿದ ಜಾಡುಗಳನ್ನು ನಕ್ಷೆಯ ಮೇಲೆ ಬಿಡಿಸಿ ನೋಡಿದಾಗ, ಹೆಚ್ಚು ಬೇಡಿಕೆಯ ಸರಕು ಬಾಗಿಲಿನಿಂದ ಬಹುದೂರದಲ್ಲಿ ಕುಳಿತಿರುವುದೂ, ವರ್ಷಕ್ಕೊಮ್ಮೆ ಬೇಕಾಗುವುದು ಬಾಗಿಲಲ್ಲೇ ಇರುವುದೂ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸ್ಥಳಗಳನ್ನು ಅದಲುಬದಲು ಮಾಡಿದರೆ ಕೆಲಸಗಾರನ ಕಾಲಿಗೆ ಅಷ್ಟರಮಟ್ಟಿಗೆ ವಿರಾಮ. ಔಷಧದ ಉಗ್ರಾಣದಲ್ಲಿ ಅವಧಿ ಮೊದಲು ಮುಗಿಯುವ ಪೆಟ್ಟಿಗೆಯೇ ಮೊದಲು ಹೊರಡುವಂತೆ ನೋಡಿಕೊಳ್ಳಬಹುದು. ಕೌಟಿಲ್ಯನ ಅಧಿಕಾರಿಗೆ ಬೇಕಾಗಿದ್ದುದೂ ಇದೇ.

ಹಾಗೆಂದು ರೇಡಿಯೋ ಪಟ್ಟಿಯು ಮಂತ್ರದ ತಾಯಿತವಲ್ಲ. ಲೋಹವು ಅಲೆಯನ್ನು ತಿರುಗಿಸುತ್ತದೆ, ನೀರು ಅದನ್ನು ಹೀರುತ್ತದೆ; ತಗಡಿನ ಡಬ್ಬಿಗಳ ರಾಶಿಯಲ್ಲಿಯೂ ಪಾನೀಯದ ಬಾಟಲಿಗಳ ನಡುವೆಯೂ ಸಾಮಾನ್ಯ ಪಟ್ಟಿಗಳು ಮೂಕವಾಗುವುದುಂಟು. ಅಮೆರಿಕೆಯ ವಾಲ್‌ಮಾರ್ಟ್ ಸಂಸ್ಥೆಯು ತನ್ನ 100 ಮುಖ್ಯ ಪೂರೈಕೆದಾರರು 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೆ ಈ ಪಟ್ಟಿಗಳನ್ನು ಅಂಟಿಸಬೇಕೆಂದು 2003ರಲ್ಲಿ ಸಾರಿತು. ಪಟ್ಟಿಗಳಿದ್ದ ಅಂಗಡಿಗಳಲ್ಲಿ ಸರಕು ತೀರಿಹೋಗುವ ಸಂದರ್ಭಗಳು ಶೇಕಡ 16ರಷ್ಟು ಇಳಿದುವೆಂದು ಆರ್ಕನ್ಸಾ ವಿಶ್ವವಿದ್ಯಾನಿಲಯದ ಅಧ್ಯಯನವು ತಿಳಿಸಿತು. ಆದರೂ ಪಟ್ಟಿಯ ಬೆಲೆಯು ಪೂರೈಕೆದಾರನ ತಲೆಯ ಮೇಲೆ, ಲಾಭವು ಅಂಗಡಿಯ ಜೇಬಿಗೆ ಎಂಬಂತಾದ್ದರಿಂದ ಆ ಯೋಜನೆಯು ನಿರೀಕ್ಷಿಸಿದ ವೇಗದಲ್ಲಿ ಸಾಗಲಿಲ್ಲ. ಲೋಹವೂ ನೀರೂ ಇಲ್ಲದ ಉಡುಪಿನ ವ್ಯಾಪಾರದಲ್ಲಿ ಇದು ಮುಂದೆ ಚೆನ್ನಾಗಿ ಬೇರೂರಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ಬಂಡಿಯ ನೆಲೆ ತಿಳಿದರೆ ಅದನ್ನು ನಡೆಸುವವನ ನೆಲೆಯೂ ತಿಳಿದಂತೆಯೇ. ಅವನು ಎಲ್ಲಿ ನಿಂತನು, ಎಷ್ಟು ಹೊತ್ತು ನಿಂತನು, ನೀರು ಕುಡಿಯಲು ಎಷ್ಟು ಸಲ ಹೋದನು ಎಂಬುದೆಲ್ಲ ಲೆಕ್ಕಕ್ಕೆ ಬರಬಹುದು. ಇದರಿಂದ ಒಳ್ಳೆಯದೂ ಆಗುತ್ತದೆ. ಅಟ್ಟಣೆಯ ಮರೆಯಿಂದ ಬರುವ ಬಂಡಿಗೂ ನಡೆದು ಬರುವ ಕೆಲಸಗಾರನಿಗೂ ಅಂತರ ಕಡಿಮೆಯಾದಾಗ ಇಬ್ಬರನ್ನೂ ಎಚ್ಚರಿಸಿ ಪ್ರಾಣಾಪಾಯವನ್ನು ತಪ್ಪಿಸಬಹುದು. ಆದರೆ ಸರಕನ್ನು ಹುಡುಕಲೆಂದು ಕಟ್ಟಿದ ಗಂಟೆಯು ಮನುಷ್ಯನ ಕೊರಳಿಗೆ ಬೀಳುವುದೂ ಅಷ್ಟೇ ಸುಲಭ. ಇದು ಬರಿಯ ಊಹೆಯಲ್ಲ. ಫ್ರಾನ್ಸಿನಲ್ಲಿ, ಅಂತರಜಾಲದ ಮೂಲಕ ಮಾರಾಟ ಮಾಡುವ ಅಮೆಜಾನ್ ಸಂಸ್ಥೆಯ ಉಗ್ರಾಣಗಳಲ್ಲಿ, ಪ್ರತಿಯೊಬ್ಬ ಕೆಲಸಗಾರನ ಕೈಯಲ್ಲಿದ್ದ ಓದುಯಂತ್ರವು ಅವನ ಕೆಲಸದ ಗತಿಯನ್ನು ದಾಖಲಿಸುತ್ತಿತ್ತು. ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಲ ಯಂತ್ರವು ಸುಮ್ಮನಿದ್ದರೆ ಒಂದು ಗುರುತು. ಒಂದು ವಸ್ತುವಿನ ಬಳಿಕ ಇನ್ನೊಂದನ್ನು 1.25 ಸೆಕೆಂಡಿಗಿಂತ ಬೇಗ ಓದಿದರೆ, ಅವಸರದಿಂದ ತಪ್ಪಾಗಬಹುದೆಂದು ಇನ್ನೊಂದು ಗುರುತು. ನಿಧಾನಿಸಿದರೂ ತಪ್ಪು, ತ್ವರೆ ಮಾಡಿದರೂ ತಪ್ಪು! ಆ ದೇಶದಲ್ಲಿ ವ್ಯಕ್ತಿಗಳ ಖಾಸಗಿ ಮಾಹಿತಿಯನ್ನು ರಕ್ಷಿಸಲು ನೇಮಕಗೊಂಡಿರುವ ಸಿಎನ್‌ಐಎಲ್ ಎಂಬ ಅಧಿಕಾರ ಮಂಡಲಿಯು ಇದು ಮಿತಿಮೀರಿದ ನಿಗಾವಣೆಯೆಂದು ಅಭಿಪ್ರಾಯಪಟ್ಟು, 3.2 ಕೋಟಿ ಯೂರೋ ದಂಡ ವಿಧಿಸಿರುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ಸುರಕ್ಷತೆಗೂ ಕೆಲಸದ ಗುಣಮಟ್ಟಕ್ಕೂ ಇಂಥ ವ್ಯವಸ್ಥೆ ಅಗತ್ಯವೆಂದು ಹೇಳಿ ಸಂಸ್ಥೆಯು ಆ ತೀರ್ಮಾನವನ್ನು ಒಪ್ಪಲಿಲ್ಲ. ಉಗ್ರಾಣವನ್ನು ನಡೆಸಲು ಸರಕಿನ ಲೆಕ್ಕ ಬೇಕೆಂಬುದನ್ನು ಮಂಡಲಿಯು ಅಲ್ಲಗಳೆದಿರಲಿಲ್ಲ. ಒಬ್ಬೊಬ್ಬ ಕೆಲಸಗಾರನ ಒಂದೊಂದು ಚಲನೆಯ ದಾಖಲೆಯನ್ನೂ 31 ದಿನ ಕೂಡಿಡುವ ಅಗತ್ಯವೇನೆಂಬುದು ಅದರ ಆಕ್ಷೇಪಣೆಯಾಗಿತ್ತು.